ಗಂಟಲಿನ ಚೀಲಕ್ಕೆ ಯಾವ ಆಪರೇಷನ್? ಅಪ್ಪಯ್ಯನ ಜೊತೆ ಓಡಾಡಿ ಕಲಿತದ್ದು

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಪ್ಪಯ್ಯ ಹಿತ್ತಲಿಂದ ಬಂದು ಅಂಗೈ ಚಾಚಿದರು. "ನೋಡೇ, ನಿನ್ನೆ ರಾತ್ರಿ ನೀ ಕೊಟ್ಟ ಮಾತ್ರೆ ಇಲ್ಲೇ ಇದೆ" ಅಂದರು. ಮುಖ ತೊಳೆಯಲು ಬಗ್ಗಿದಾಗ ಬಾಯಿಗೆ ಬಂದಿತ್ತಂತೆ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಎಸ್‌ಆರ್ ಮಾತ್ರೆ. ಊದಿ, ಲೋಳೆ ಹಿಡಿದಿತ್ತು, ಆದರೆ ಇಡಿಯಾಗೇ ಇತ್ತು. ಜೊತೆಗೆ ಎರಡು ಅನ್ನದ ಅಗುಳು. ಹುಳಿ ವಾಸನೆ ಇರಲಿಲ್ಲ, ಅಂದರೆ ಅದು ಹೊಟ್ಟೆಯ ತನಕ ಹೋಗಿಯೇ ಇರಲಿಲ್ಲ.

ನಾನು ತೀರ್ಥಹಳ್ಳಿಯಲ್ಲಿ ಮೆಡಿಕಲ್ ಶಾಪ್ ನಡೆಸುವವಳು. ದಿನಾ ನೂರಾರು ಜನಕ್ಕೆ ಮಾತ್ರೆ ಎಣಿಸಿ ಕೊಡುತ್ತೇನೆ. ಮನೆಯಲ್ಲಿ 76 ವರ್ಷದ ಅಪ್ಪನ ಮಾತ್ರೆ ಹೊಟ್ಟೆಗೇ ಇಳಿಯುತ್ತಿಲ್ಲ ಅನ್ನುವುದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಅದಕ್ಕೂ ಮುಂಚೆ ಒಂದೂವರೆ ವರ್ಷ ಕೆಮ್ಮಿಗೆ ಸಿರಪ್ಪು, ಎದೆಯುರಿ ಅಂತ ಗ್ಯಾಸ್ ಮಾತ್ರೆ, ಬಾಯಿ ವಾಸನೆಗೆ ಹಲ್ಲು ಕ್ಲೀನಿಂಗು, ಟಿಬಿ ಇರಬಹುದೆಂದು ಕಫ ಪರೀಕ್ಷೆ, ಎಲ್ಲ ಆಗಿತ್ತು. ತೂಕ 62 ಕಿಲೋದಿಂದ 54ಕ್ಕೆ ಇಳಿದಿತ್ತು. ಶುಗರ್ ಹತೋಟಿಗೆ ಬರುತ್ತಿಲ್ಲ ಅಂತ ಡೋಸ್ ಎರಡು ಸಲ ಏರಿಸಿದ್ದರು.

ಕೊನೆಗೆ ಕಿವಿ-ಮೂಗು-ಗಂಟಲಿನ ಡಾಕ್ಟರೊಬ್ಬರು ಅಪ್ಪಯ್ಯನಿಗೆ ನೀರು ಕುಡಿಸಿ, ಕತ್ತಿನ ಎಡಭಾಗ ಮೆಲ್ಲಗೆ ಒತ್ತಿದರು. ಗುಳುಗುಳು ಸದ್ದು ನನಗೂ ಕೇಳಿಸಿತು. "ಬೇರಿಯಂ ಸ್ವಾಲೋ ಮಾಡಿಸಿಕೊಂಡು ಬನ್ನಿ, ಅದಕ್ಕೆ ಮುಂಚೆ ಎಂಡೋಸ್ಕೋಪಿ ಬೇಡ" ಅಂದರು. ಶಿವಮೊಗ್ಗದಲ್ಲಿ ತೆಗೆಸಿದ ಆ ಎಕ್ಸ್‌ರೇ ಇನ್ನೂ ನನ್ನ ಬೀರುವಿನಲ್ಲಿದೆ. ಬಿಳೀ ದ್ರಾವಣ ಗಂಟಲಿಂದ ಇಳಿದು, ಅನ್ನನಾಳಕ್ಕೆ ಹೋಗುವ ಮೊದಲೇ ಹಿಂದೆ ಜೋತುಬಿದ್ದ ಒಂದು ಚೀಲಕ್ಕೆ ಬೀಳುತ್ತದೆ. ಅದು ತುಂಬಿ ತುಳುಕಿದ ಮೇಲೆ ಉಳಿದದ್ದು ಕೆಳಗೆ ಹೋಗುತ್ತದೆ. ಮೂರೂವರೆ ಸೆಂಟಿಮೀಟರಿನ ಚೀಲ. ಹೆಸರು ಝೆಂಕರ್ಸ್ ಡೈವರ್ಟಿಕ್ಯುಲಮ್.

ಆಮೇಲಿನ ನಾಲ್ಕು ತಿಂಗಳು ಒಬ್ಬೊಬ್ಬ ಡಾಕ್ಟರು ಒಂದೊಂದು ಆಪರೇಷನ್ ಹೇಳಿದರು. ಯಾವುದನ್ನು ಹೇಗೆ ತೂಗಬೇಕು ಅಂತ ಕನ್ನಡದಲ್ಲಿ ಹೇಳುವವರು ನನಗೆ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ನಿಮ್ಮ ಮನೆಯವರಿಗೆ ಯಾವುದು ಸರಿ ಅನ್ನುವುದನ್ನು ಅವರನ್ನು ಮುಟ್ಟಿ ನೋಡಿದ ಡಾಕ್ಟರೇ ಹೇಳಬೇಕು. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದನ್ನು ನಾನು ಹೇಳಬಲ್ಲೆ.

ಮೊದಲು ಸ್ನಾಯು, ಆಮೇಲೆ ಚೀಲ

ಅನ್ನನಾಳದ ಬಾಯಿಯಲ್ಲಿ ಕ್ರೈಕೋಫರಿಂಜಿಯಸ್ ಅನ್ನುವ ಸ್ನಾಯುವಿನ ಪಟ್ಟಿ ಇದೆ. ಸದಾ ಬಿಗಿದುಕೊಂಡಿರುತ್ತದೆ, ನಾವು ನುಂಗಿದಾಗ ಮಾತ್ರ ಸಡಿಲವಾಗಿ ದಾರಿ ಬಿಡುತ್ತದೆ. ವಯಸ್ಸಾದಂತೆ ಕೆಲವರಲ್ಲಿ ಅದು ಪೂರ್ತಿ ಬಿಡುವುದಿಲ್ಲ. ಮೇಲಿನಿಂದ ತುತ್ತು ಒತ್ತುತ್ತದೆ, ಕೆಳಗೆ ದಾರಿಯಿಲ್ಲ. ಆ ಸ್ನಾಯುವಿಗೆ ಸ್ವಲ್ಪ ಮೇಲೆ, ಹಿಂಬದಿಯಲ್ಲಿ, ಹುಟ್ಟಿನಿಂದಲೇ ತೆಳುವಾದ ಒಂದು ಜಾಗ ಇರುತ್ತದೆ. ಅದನ್ನು ಗುರುತಿಸಿದ ಜರ್ಮನ್ ವೈದ್ಯ ಕಿಲಿಯನ್ ಹೆಸರಲ್ಲೇ ಅದನ್ನು ಕರೆಯುತ್ತಾರೆ. ವರ್ಷಗಟ್ಟಲೆ ಒತ್ತಡ ಬಿದ್ದು ಅಲ್ಲಿ ಒಳಪದರ ಹೊರಗೆ ಉಬ್ಬಿ ಚೀಲವಾಗುತ್ತದೆ.

ಇದನ್ನು ಡಾಕ್ಟರು ಚಿತ್ರ ಬರೆದು ತೋರಿಸಿದಾಗ ನನಗಿಂತ ಬೇಗ ಅರ್ಥವಾದದ್ದು ಅಪ್ಪಯ್ಯನಿಗೆ. "ಗದ್ದೆ ಕಂಡಿ ಕಟ್ಟಿಟ್ಟು ನೀರು ಬಿಟ್ರೆ ಬದು ಎಲ್ಲಿ ಸಡಿಲ ಇದೆಯೋ ಅಲ್ಲೇ ಕೊರೆಯೋದು. ಬರೀ ಗುಂಡಿ ಮುಚ್ಚಿದ್ರೆ ಆಗ್ತದಾ? ಕಂಡಿ ಬಿಡಿಸ್ಬೇಕು" ಅಂದರು.

ಅಷ್ಟೇ ವಿಷಯ. ಎಲ್ಲ ಆಪರೇಷನ್ನಿನ ತಿರುಳು ಆ ಸ್ನಾಯುವನ್ನು ಕತ್ತರಿಸಿ ದಾರಿ ಬಿಡಿಸುವುದು, ವೈದ್ಯರ ಮಾತಲ್ಲಿ ಮಯೋಟಮಿ. ಚೀಲವನ್ನು ತೆಗೆದು ಸ್ನಾಯುವನ್ನು ಹಾಗೇ ಬಿಟ್ಟರೆ ಒತ್ತಡ ಹಾಗೇ ಉಳಿದು ಚೀಲ ಮತ್ತೆ ಬರಬಹುದು. ಹೊರಗಿನಿಂದ ಹೋಗಬೇಕೋ, ಬಾಯಿಯಿಂದ ಹೋಗಬೇಕೋ, ಯಾವ ಕತ್ತಿ, ಇದರಲ್ಲಿ ಮಾತ್ರ ವ್ಯತ್ಯಾಸ. ಹಾಗಾಗಿ ಯಾರು ಯಾವ ಆಪರೇಷನ್ ಹೇಳಿದರೂ ಮೊದಲ ಪ್ರಶ್ನೆ ಇದಿರಲಿ: "ಸ್ನಾಯುವನ್ನು ಎಷ್ಟು ಉದ್ದಕ್ಕೆ ಕತ್ತರಿಸುತ್ತೀರಿ? ಸ್ವಲ್ಪ ಉಳಿಯುತ್ತದಾ?"

ಚೀಲ ಚಿಕ್ಕದಾಗಿದ್ದು ಏನೂ ತೊಂದರೆ ಕೊಡುತ್ತಿಲ್ಲ ಅಂದರೆ ಆಪರೇಷನ್ನೇ ಬೇಡ. ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆದಾಗ ಕಂಡಿತು ಅಂತ ಗಾಬರಿಯಾಗಿ ಓಡಬೇಡಿ. ನುಂಗಲು ಕಷ್ಟ, ತಿಂದದ್ದು ಗಂಟೆಗಟ್ಟಲೆ ಬಿಟ್ಟು ಬಾಯಿಗೆ ಬರುವುದು, ತೂಕ ಇಳಿಯುವುದು, ರಾತ್ರಿ ಮಲಗಿದಾಗ ಉಸಿರ್ನಾಳಕ್ಕೆ ಇಳಿದು ಕೆಮ್ಮು, ಪದೇ ಪದೇ ನ್ಯುಮೋನಿಯಾ ಇದ್ದರೆ ಮಾತ್ರ ತಡ ಮಾಡಬಾರದು.

ಇನ್ನೊಂದು ಮಾತು. ಅಪ್ಪಯ್ಯ ಐವತ್ತು ವರ್ಷ ಎಲೆ-ಅಡಿಕೆ ಹಾಕಿದವರು. ಎಲೆ-ಅಡಿಕೆ, ಹೊಗೆಸೊಪ್ಪಿನ ನಮ್ಮ ಕಡೆ ನುಂಗಲು ಕಷ್ಟ ಅಂದರೆ ಮೊದಲು ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಚೀಲ ಇದೆ ಅಂತ ಗೊತ್ತಾದ ಮೇಲೆ, ಗೊತ್ತಿದ್ದವರ ಕೈಯಲ್ಲಿ, ಎಂಡೋಸ್ಕೋಪಿ ಆಯಿತು. ಗೊತ್ತಿಲ್ಲದೆ ನಳಿಕೆ ತೂರಿಸಿದರೆ ಅದು ಅನ್ನನಾಳ ಬಿಟ್ಟು ಚೀಲದೊಳಗೆ ಹೋಗಿ ತೂತು ಮಾಡುವ ಅಪಾಯ ಇದೆ. ಬೇರಿಯಂ ಮೊದಲು ಅಂದದ್ದು ಅದಕ್ಕೇ.

ಕತ್ತಿನಿಂದ ಮಾಡುವ ಆಪರೇಷನ್

ಇದು ಹಳೆಯದು. ಬ್ರಿಸ್ಟಲ್‌ನ ಲಡ್ಲೋ ಅನ್ನುವವರು ಈ ಚೀಲವನ್ನು ವಿವರಿಸಿದ್ದು 1760ರ ದಶಕದಲ್ಲಿ. ಹೆಸರು ಉಳಿದದ್ದು 1877ರಲ್ಲಿ ಇಂಥ ಹಲವು ರೋಗಿಗಳ ವಿವರ ಒಟ್ಟುಗೂಡಿಸಿದ ಝೆಂಕರ್ ಅವರದು. 1886ರಲ್ಲಿ ವೀಲರ್ ಚೀಲವನ್ನು ಕತ್ತಿನಿಂದ ಕತ್ತರಿಸಿ ತೆಗೆದರು. ಇವತ್ತಿಗೂ ಕತ್ತಿನ ಎಡಬದಿಯಲ್ಲಿ ಕೊಯ್ದು, ಸ್ನಾಯುವನ್ನು ಉದ್ದಕ್ಕೆ ಸೀಳಿ, ಚೀಲವನ್ನು ತೆಗೆಯುತ್ತಾರೆ, ಇಲ್ಲವೇ ಬಾಯಿ ಕೆಳಗಾಗುವಂತೆ ತಿರುಗಿಸಿ ಮೇಲಕ್ಕೆ ಹೊಲಿದು ನಿಲ್ಲಿಸುತ್ತಾರೆ. ಚೀಲ ತೀರ ಚಿಕ್ಕದಾದರೆ ಸ್ನಾಯು ಸೀಳಿದರೇ ಸಾಕು.

ಇದರ ಗುಣ ಏನೆಂದರೆ ಕೆಲಸ ಪೂರ್ತಿಯಾಗುತ್ತದೆ. ಸ್ನಾಯು ಕಣ್ಣೆದುರು ಇರುತ್ತದೆ, ಬೇಕಾದಷ್ಟು ಉದ್ದ ಕತ್ತರಿಸಬಹುದು, ಮರಳಿ ಬರುವುದು ಬಾಯಿಯಿಂದ ಮಾಡಿದ್ದಕ್ಕಿಂತ ಕಡಿಮೆ. ತೆಗೆದ ಚೀಲವನ್ನು ಲ್ಯಾಬಿಗೆ ಕಳಿಸಬಹುದು. ಬಹಳ ಅಪರೂಪಕ್ಕೆ ಚೀಲದೊಳಗೇ ಕ್ಯಾನ್ಸರ್ ಇರುವುದುಂಟು, ಆದ್ದರಿಂದ ವಯಸ್ಸು ಚಿಕ್ಕದು, ಚೀಲ ದೊಡ್ಡದು ಅನ್ನುವವರಿಗೆ ಇದು ಮುಖ್ಯ. ದೋಷ ಏನೆಂದರೆ ಧ್ವನಿಪೆಟ್ಟಿಗೆಗೆ ಹೋಗುವ ನರ ಅಲ್ಲೇ ಪಕ್ಕದಲ್ಲಿದೆ. ಅದಕ್ಕೆ ಪೆಟ್ಟಾದರೆ ಸ್ವರ ಒಡೆಯುತ್ತದೆ, ಕೆಲವರಿಗೆ ತಾತ್ಕಾಲಿಕ, ಕೆಲವರಿಗೆ ಕಾಯಂ. ಹೊಲಿದಲ್ಲಿ ಸೋರಬಹುದು, ರಕ್ತ ಕಟ್ಟಬಹುದು. ಅರಿವಳಿಕೆ ಹೊತ್ತು ಜಾಸ್ತಿ, ಬಾಯಿಯಿಂದ ಊಟ ಕೊಡುವುದು ತಡ, ಆಸ್ಪತ್ರೆಯಲ್ಲಿ ಇರುವ ದಿನವೂ ಜಾಸ್ತಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ 76ರ ಅಪ್ಪಯ್ಯನಿಗೆ ಇದನ್ನು ಕೊನೆಯ ದಾರಿಯಾಗಿ ಇಟ್ಟುಕೊಳ್ಳೋಣ ಅಂದರು. ನನಗೂ ಸರಿ ಅನ್ನಿಸಿತು.

ಬಾಯಿಯಿಂದ, ಗಟ್ಟಿ ಕೊಳವೆಯಲ್ಲಿ

ಚೀಲಕ್ಕೂ ಅನ್ನನಾಳಕ್ಕೂ ನಡುವೆ ಒಂದು ಗೋಡೆ ಇದೆ. ಆ ಸ್ನಾಯು ಇರುವುದು ಅದರೊಳಗೇ. ಗೋಡೆಯನ್ನು ಸೀಳಿದರೆ ಸ್ನಾಯುವೂ ಕತ್ತರಿಸಿತು, ಚೀಲವೂ ಅನ್ನನಾಳವೂ ಒಂದಾಯಿತು. ಈ ಯೋಚನೆ 1917ರಷ್ಟು ಹಳೆಯದು. ಆಗ ಮೋಷರ್ ಮಾಡಿ, ಎದೆಗೂಡಿಗೆ ಸೋಂಕು ಇಳಿದು ರೋಗಿ ತೀರಿಕೊಂಡಾಗ ಕೈಬಿಟ್ಟರು. 1960ರಲ್ಲಿ ಡೋಲ್‌ಮನ್ ಮತ್ತು ಮಾಟ್ಸನ್ ವಿದ್ಯುತ್ ಕತ್ತಿಯಿಂದ ಅದನ್ನು ಮತ್ತೆ ಬಳಕೆಗೆ ತಂದರು. 1993ರಲ್ಲಿ ಸ್ಟೇಪ್ಲರ್ ಬಂತು. ನಡುವೆ ಸೀಳುತ್ತಾ ಎರಡೂ ಅಂಚಿಗೆ ಪಿನ್ ಹೊಡೆದು ಮುಚ್ಚುವ ಉಪಕರಣ. ಕೆಲಸ ಬೇಗ ಮುಗಿಯುತ್ತದೆ, ಸೋರುವುದು ಕಡಿಮೆ, ಸಾಮಾನ್ಯವಾಗಿ ಮಾರನೇ ದಿನವೇ ನೀರು-ಗಂಜಿ.

ಎರಡು ಮಿತಿ ಇದೆ. ಸ್ಟೇಪ್ಲರ್‌ನ ತುದಿ ಪೂರ್ತಿ ಕತ್ತರಿಸುವುದಿಲ್ಲ, ತಳದಲ್ಲಿ ಸುಮಾರು ಒಂದು ಸೆಂಟಿಮೀಟರ್ ಗೋಡೆ ಉಳಿಯುತ್ತದೆ. ಆದ್ದರಿಂದ ಚೀಲ 3 ಸೆಂಟಿಮೀಟರಿಗಿಂತ ಚಿಕ್ಕದಾದರೆ ಸ್ಟೇಪ್ಲರ್ ಹೊಂದುವುದಿಲ್ಲ. ಲೇಸರಿನಲ್ಲಿ ತಳದವರೆಗೆ ಸೀಳಬಹುದು, ಆದರೆ ಅಂಚಿಗೆ ಪಿನ್ ಇರುವುದಿಲ್ಲ. ಎರಡನೆಯದು ಕತ್ತು. ಗಟ್ಟಿ ಲೋಹದ ಕೊಳವೆ ಗಂಟಲಿನ ಆಳಕ್ಕೆ ನೇರ ಕೂರಬೇಕಾದರೆ ಬಾಯಿ ಅಗಲ ತೆರೆಯಬೇಕು, ತಲೆ ಹಿಂದಕ್ಕೆ ಚೆನ್ನಾಗಿ ಬಾಗಬೇಕು.

ನಾವು ಎಡವಿದ್ದು ಇಲ್ಲೇ. ಅಪ್ಪಯ್ಯನಿಗೆ ಕತ್ತಿನ ಮೂಳೆ ಸವೆತ ಹತ್ತು ವರ್ಷದಿಂದ ಇದೆ. ತೋಟದಲ್ಲಿ ಅಡಿಕೆ ಗೊನೆ ನೋಡಲು ತಲೆ ಎತ್ತುವ ಬದಲು ಇಡೀ ಮೈಯನ್ನೇ ಹಿಂದಕ್ಕೆ ವಾಲಿಸುತ್ತಾರೆ. ಸ್ಟೇಪ್ಲರ್ ಅಂತ ನಿಶ್ಚಯವಾಯಿತು, ತಾರೀಖು ಕೊಟ್ಟರು, ರಕ್ತ ಪರೀಕ್ಷೆ, ಇಸಿಜಿ, ಎಕೋ ಎಲ್ಲ ಆಯಿತು. ಆದರೆ ತಲೆ ಎಷ್ಟು ಹಿಂದೆ ಬಾಗುತ್ತದೆ ಅಂತ ಯಾರೂ ನೋಡಲಿಲ್ಲ. ನಾನೂ ಹೇಳಲಿಲ್ಲ. ಅರಿವಳಿಕೆ ಕೊಟ್ಟು ಮುಕ್ಕಾಲು ಗಂಟೆ ಪ್ರಯತ್ನಿಸಿ ಸರ್ಜನ್ ಹೊರಗೆ ಬಂದು, "ಕೊಳವೆ ಕೂರುತ್ತಿಲ್ಲ, ಬಲವಂತ ಮಾಡುವುದಿಲ್ಲ, ನಿಲ್ಲಿಸಿದ್ದೇನೆ" ಅಂದರು. ಬಲವಂತ ಮಾಡದಿದ್ದುದು ಅವರ ವಿವೇಕ, ಅದಕ್ಕೆ ಈಗಲೂ ಕೃತಜ್ಞಳು. ಆದರೆ ಮುದಿ ಜೀವಕ್ಕೆ ಒಂದು ಅರಿವಳಿಕೆ ಸುಮ್ಮನೆ ಆಯಿತಲ್ಲ. ಮುಂದಿನ ಒಂದು ಹಲ್ಲು ಸಡಿಲವಾಗಿತ್ತು, ಮೂರು ದಿನ ಗಂಟಲು ನೋವು.

ಆದ್ದರಿಂದ ಗಟ್ಟಿ ಕೊಳವೆಯ ಆಪರೇಷನ್ ಹೇಳಿದರೆ, ಹೊರಡುವ ಮೊದಲು ಮನೆಯಲ್ಲೇ ನೋಡಿ. ನೇರ ಕೂರಿಸಿ, ಬೆನ್ನು ಬಾಗಿಸದೆ ತಲೆ ಎತ್ತಿ ಛಾವಣಿ ನೋಡಲು ಹೇಳಿ. ಬಾಯಲ್ಲಿ ಅವರದೇ ಮೂರು ಬೆರಳು ನಿಲ್ಲಿಸಿದರೆ ಹೋಗುತ್ತದಾ ನೋಡಿ, ಅಡಿಕೆ ಜಗಿಯುವವರಲ್ಲಿ ಬಾಯಿ ಬಿಗಿದಿರುವುದು ಸಾಮಾನ್ಯ. ಹಲ್ಲು ಯಾವುದು ಅಲ್ಲಾಡುತ್ತದೆ ನೋಡಿ. ಕಂಡದ್ದನ್ನು ಡಾಕ್ಟರಿಗೂ ಅರಿವಳಿಕೆ ಡಾಕ್ಟರಿಗೂ ಹೇಳಿ. "ಕೊಳವೆ ಕೂರದಿದ್ದರೆ ಅದೇ ಅರಿವಳಿಕೆಯಲ್ಲಿ ಬೇರೆ ಏನು ಮಾಡುತ್ತೀರಿ?" ಅಂತಲೂ ಕೇಳಿ. ಕತ್ತಿನಿಂದ ಮಾಡುತ್ತೇವೆ ಅಂದರೆ ಅದಕ್ಕೆ ನಿಮ್ಮ ಒಪ್ಪಿಗೆ ಇದೆಯೋ ಇಲ್ಲವೋ ಮುಂಚೆಯೇ ಮನೆಯಲ್ಲಿ ಕೂತು ಮಾತಾಡಿ, ಬರೆದು ಕೊಡಿ. ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನಿಂತು ಯೋಚಿಸುವ ವಿಷಯ ಅಲ್ಲ ಅದು.

ಬಾಯಿಯಿಂದ, ಬಾಗುವ ಎಂಡೋಸ್ಕೋಪಿನಲ್ಲಿ

1995ರಿಂದ ಈಚೆಗೆ ಬಂದ ದಾರಿ ಇದು. ಹೊಟ್ಟೆ ನೋಡಲು ಹಾಕುವಂಥದೇ ಬಾಗುವ ನಳಿಕೆ. ಕತ್ತು ಬಾಗಬೇಕಿಲ್ಲ. ನಳಿಕೆಯೊಳಗಿಂದ ಸಣ್ಣ ಕತ್ತಿ ಬಿಟ್ಟು ಅದೇ ಗೋಡೆಯನ್ನು ಸೀಳುತ್ತಾರೆ. ಇದನ್ನು ಮಾಡುವವರು ಸಾಮಾನ್ಯವಾಗಿ ಗ್ಯಾಸ್ಟ್ರೋಎಂಟರಾಲಜಿಸ್ಟ್. ವಯಸ್ಸಾದವರಿಗೆ, ಕತ್ತು ಬಾಗದವರಿಗೆ ಇದು ದೊಡ್ಡ ವರ. ಆದರೆ ತಳದಲ್ಲಿ ತೂತಾದೀತು ಅಂತ ಡಾಕ್ಟರು ಎಚ್ಚರದಿಂದ ಸ್ವಲ್ಪ ಗೋಡೆ ಉಳಿಸಿ ನಿಲ್ಲಿಸುತ್ತಾರೆ, ಹಾಗಾಗಿ ತೊಂದರೆ ಮತ್ತೆ ಬರುವುದು ಕತ್ತಿನ ಆಪರೇಷನ್ನಿಗಿಂತ ಜಾಸ್ತಿ. ಬಂದರೆ ಇನ್ನೊಮ್ಮೆ ಮಾಡಬಹುದು.

ಇದರದೇ ಹೊಸ ರೂಪ ಝಡ್-ಪೋಯಮ್. ಜಪಾನಿನ ಇನೋವೆ 2008ರಲ್ಲಿ ಅನ್ನನಾಳದ ಕೆಳಬಾಯಿಯ ಬಿಗಿತಕ್ಕೆ ಶುರು ಮಾಡಿದ ಪೋಯಮ್ ವಿಧಾನವನ್ನು ಈ ಚೀಲಕ್ಕೂ ತಂದದ್ದು ಸುಮಾರು 2016ರಿಂದ. ಒಳಪದರವನ್ನು ಸ್ವಲ್ಪ ಸೀಳಿ, ಅದರಡಿ ಸುರಂಗ ಮಾಡಿಕೊಂಡು ಹೋಗಿ, ಸ್ನಾಯುವನ್ನು ಕಣ್ಣಾರೆ ನೋಡುತ್ತಾ ತಳದವರೆಗೆ ಕತ್ತರಿಸಿ, ಹೊರಬರುವಾಗ ಒಳಪದರದ ಸೀಳಿಗೆ ಕ್ಲಿಪ್ ಹಾಕುತ್ತಾರೆ. ಒಳಪದರವೇ ಮುಚ್ಚಳವಾಗುವುದರಿಂದ ಧೈರ್ಯವಾಗಿ ಪೂರ್ತಿ ಕತ್ತರಿಸಬಹುದು. ಹೊಸದಾದ್ದರಿಂದ ಉಳಿದವುಗಳಷ್ಟು ವರ್ಷದ ಅನುಭವ ಇದಕ್ಕಿಲ್ಲ. ಪಳಗಿದ ಕೈ ಬೇಕು. ನಾವು ಕೊನೆಗೆ ಬೆಂಗಳೂರಿಗೆ ಹೋಗಿ ಮಾಡಿಸಿದ್ದು ಇದನ್ನೇ.

ಇದು ಅಪರೂಪದ ಕಾಯಿಲೆ, ನಮ್ಮ ದೇಶದಲ್ಲಿ ಇನ್ನೂ ಅಪರೂಪ. "ನೀವು ಸ್ವತಃ ಇಂಥದನ್ನು ಎಷ್ಟು ಮಾಡಿದ್ದೀರಿ?" ಅಂತ ಕೇಳಲು ನನಗೆ ನಾಲಗೆಯೇ ಏಳುತ್ತಿರಲಿಲ್ಲ. ಎರಡನೇ ಆಪರೇಷನ್ನಿಗೆ ಮುಂಚೆ ಕೇಳಿದೆ. ಆ ಡಾಕ್ಟರು ಬೇಸರ ಮಾಡಿಕೊಳ್ಳದೆ ಸಂಖ್ಯೆ ಹೇಳಿದರು, ತೊಂದರೆಯಾದ ಇಬ್ಬರ ವಿಷಯವನ್ನೂ ಹೇಳಿದರು. ನನಗೆ ನಂಬಿಕೆ ಬಂದದ್ದು ಆ ಇಬ್ಬರ ವಿಷಯ ಹೇಳಿದ್ದರಿಂದ. ನನ್ನ ಅಭಿಪ್ರಾಯ ಇಷ್ಟು: ನಿಮ್ಮ ಊರಿಗೆ ಹತ್ತಿರದಲ್ಲಿ ಹತ್ತಾರು ಸ್ಟೇಪ್ಲರ್ ಆಪರೇಷನ್ ಮಾಡಿದ ಕೈ ಇದ್ದು, ಕತ್ತು ಬಾಗುವುದಾದರೆ, ಹೊಸ ವಿಧಾನದ ಹೆಸರು ಕೇಳಿ ಅದನ್ನು ಬಿಟ್ಟು ಹೋಗಬೇಡಿ. ಖರ್ಚು ಕೇಳುವಾಗ ಸ್ಟೇಪ್ಲರ್ ಕಾರ್ಟ್ರಿಜ್, ಎಂಡೋಸ್ಕೋಪಿಯ ಕತ್ತಿ, ಕ್ಲಿಪ್ಪು ಪ್ಯಾಕೇಜಿನಲ್ಲಿ ಸೇರಿದೆಯಾ ಅಂತ ಬಿಡಿಸಿ ಕೇಳಿ.

ಆಪರೇಷನ್ನಿನ ಹಿಂದುಮುಂದು

ರಾತ್ರಿ ಊಟ ಬಿಟ್ಟರೆ ಹೊಟ್ಟೆ ಖಾಲಿಯಾಗುತ್ತದೆ, ಚೀಲ ಖಾಲಿಯಾಗುವುದಿಲ್ಲ. ಅರಿವಳಿಕೆ ಕೊಡುವಾಗ ಅಲ್ಲಿ ಕೂತ ಅನ್ನ ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕೆ ನಮಗೆ ಎರಡು ದಿನ ಮುಂಚಿನಿಂದ ಬರೀ ತೆಳುವಾದದ್ದು ಅಂದಿದ್ದರು. ಗಂಜಿಯ ತಿಳಿ, ಎಳನೀರು, ಸೋಸಿದ ಸಾರು. ಚೀಲದ ವಿಷಯ ಅರಿವಳಿಕೆ ಡಾಕ್ಟರಿಗೆ ಕಾಗದದಲ್ಲಿ ತಿಳಿದಿದ್ದರೂ ನೀವು ಬಾಯಲ್ಲಿ ಇನ್ನೊಮ್ಮೆ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಯಾವಾಗ ನಿಲ್ಲಿಸಬೇಕು, ನಿಲ್ಲಿಸಬಹುದೇ ಅನ್ನುವುದನ್ನು ಹೃದಯದ ಡಾಕ್ಟರೇ ಹೇಳಬೇಕು. ನನ್ನಂಥ ಮೆಡಿಕಲ್ ಶಾಪಿನವರನ್ನು ಕೇಳಿ ನಿಲ್ಲಿಸಬೇಡಿ.

ಮಾತ್ರೆ ಇಳಿಯುವುದಿಲ್ಲ ಅಂತ ಎಲ್ಲವನ್ನೂ ಕುಟ್ಟಿ ಪುಡಿ ಮಾಡುವುದು ನಾನು ಅಂಗಡಿಯಲ್ಲಿ ದಿನವೂ ಕೇಳುವ ತಪ್ಪು. ಎಸ್‌ಆರ್, ಎಕ್ಸ್‌ಎಲ್, ಇಆರ್ ಅಂತ ಬರೆದಿರುವ, ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆ ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ. ಅದೇ ಔಷಧ ಸಿರಪ್ಪಿನಲ್ಲೋ, ಸಾದಾ ಮಾತ್ರೆಯಲ್ಲೋ ಸಿಗುತ್ತದಾ ಅಂತ ಡಾಕ್ಟರನ್ನು ಕೇಳಿ ಬದಲಾಯಿಸಿಕೊಳ್ಳಿ.

ಆಪರೇಷನ್ ಆದ ಸಂಜೆ ಅಪ್ಪಯ್ಯನ ಕತ್ತು ಸ್ವಲ್ಪ ಉಬ್ಬಿತ್ತು, ಮುಟ್ಟಿದರೆ ಚರ್ಮದಡಿ ಚರಚರ ಅನ್ನುತ್ತಿತ್ತು. ನನ್ನ ಜೀವ ಬಾಯಿಗೆ ಬಂತು. ಸುರಂಗಕ್ಕೆ ಬಿಟ್ಟ ಗಾಳಿ ಚರ್ಮದಡಿ ಸೇರಿದ್ದು, ಜ್ವರ ಇಲ್ಲ, ನಾಡಿ ಸರಿ ಇದೆ, ಕಾಯೋಣ ಅಂದರು. ಎರಡು ದಿನದಲ್ಲಿ ಇಳಿಯಿತು. ಆದರೆ ಜ್ವರ, ಎದೆ ಅಥವಾ ಬೆನ್ನು ನೋವು, ಎದೆಬಡಿತ ಜೋರಾಗುವುದು, ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬಾರದು. ಮನೆಗೆ ಬಂದ ಮೇಲಾದರೂ ಅಷ್ಟೇ, ನೇರ ಆಸ್ಪತ್ರೆಗೆ. ಮಾರನೇ ದಿನ ಬಣ್ಣದ ನೀರು ಕುಡಿಸಿ ಎಕ್ಸ್‌ರೇ ತೆಗೆದು, ಸೋರುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಎರಡು ಚಮಚ ನೀರು. ಒಂದು ವಾರ ಗಂಜಿ, ಆಮೇಲೆ ಒಂದು ವಾರ ಕಿವುಚಿದ ಅನ್ನ. ಅಕ್ಕಿರೊಟ್ಟಿ ಮೂರನೇ ವಾರಕ್ಕೆ.

ಆರು ವಾರದ ಮೇಲೆ ಬೇರಿಯಂ ತೆಗೆಸಿದಾಗ ಚೀಲ ಸಣ್ಣಗೆ ಇನ್ನೂ ಕಾಣಿಸಿತು. ಹೆದರಿದೆ. ಬಾಯಿಯಿಂದ ಮಾಡಿದಾಗ ಚೀಲ ಅಲ್ಲೇ ಉಳಿಯುತ್ತದೆ, ನಡುವಿನ ಗೋಡೆಯ ಸ್ನಾಯು ಕತ್ತರಿಸಿರುವುದರಿಂದ ಅನ್ನ ನಿಲ್ಲುವುದಿಲ್ಲ, ಫಿಲ್ಮ್ ನೋಡಬೇಡಿ, ಅವರು ಊಟ ಮಾಡುವುದನ್ನು ನೋಡಿ ಅಂದರು ಡಾಕ್ಟರು.

ಯಾರೂ ಹೇಳದ ಒಂದು ವಿಷಯದಲ್ಲಿ ನಾನು ಎಡವಿದೆ. ಹಿಂದೆ ಮಾತ್ರೆ ಚೀಲದಲ್ಲೇ ಉಳಿಯುತ್ತಿದ್ದಾಗ ಏರಿಸಿದ ಡೋಸ್ ಹಾಗೇ ಇತ್ತು. ಈಗ ಎಲ್ಲ ಮಾತ್ರೆಯೂ ಹೊಟ್ಟೆ ಸೇರತೊಡಗಿತು, ಊಟ ಮಾತ್ರ ಗಂಜಿ. ಹತ್ತನೇ ದಿನ ಸಂಜೆ ಅಪ್ಪಯ್ಯ ಜಗಲಿಯಲ್ಲಿ ಬೆವರಿ ಕೂತಿದ್ದರು. ಶುಗರ್ 58. ಸಕ್ಕರೆ ನೀರು ಕುಡಿಸಿ, ಆ ರಾತ್ರಿಯೇ ಡಾಕ್ಟರಿಗೆ ಫೋನ್ ಮಾಡಿ ಶುಗರ್‌ನ ಇನ್ನೊಂದು ಮಾತ್ರೆ ಗ್ಲಿಮೆಪಿರೈಡ್ ನಿಲ್ಲಿಸಿದೆವು. ಬಿಪಿ, ಶುಗರ್, ಥೈರಾಯ್ಡ್ ಯಾವುದಕ್ಕೆ ಮಾತ್ರೆ ಇದ್ದರೂ ಡಿಸ್ಚಾರ್ಜ್ ದಿನವೇ ಡೋಸ್ ಮತ್ತೆ ನೋಡಿ ಅಂತ ಕೇಳಿ, ಮೊದಲ ತಿಂಗಳು ಮನೆಯಲ್ಲೇ ಅಳೆದು ಬರೆದಿಡಿ.

ಅಪ್ಪಯ್ಯ ಈಗ 60 ಕಿಲೋ ಇದ್ದಾರೆ. ಅವರ ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಚೀಟಿ ಇಟ್ಟಿದ್ದೇನೆ, ಒಂದು ಬದಿ ಕನ್ನಡ, ಒಂದು ಬದಿ ಇಂಗ್ಲಿಷ್: "ಗಂಟಲಿನ ಚೀಲ ಇದೆ, ಬಾಯಿಯಿಂದ ಆಪರೇಷನ್ ಆಗಿದೆ. ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಕಣ್ಣುಮುಚ್ಚಿ ಹಾಕಬೇಡಿ. ಅರಿವಳಿಕೆಗೆ ಮುಂಚೆ ಮಗಳಿಗೆ ಫೋನ್ ಮಾಡಿ." ಕೆಳಗೆ ನನ್ನ ನಂಬರು.